ತಪಸ್ಸು ಕಾಲದ ಆತ್ಮಶೋಧನೆ: ಬಿಡುವ ಮೊದಲು ನೋಡಿಕೊಳ್ಳುವ ಕ್ರಮ

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ 40 ದಿನದ ವ್ರತದ ಕಾಲವೇ ತಪಸ್ಸು ಕಾಲ. ಹಬ್ಬ ಕಳೆದ ಮರುವಾರ ನಮ್ಮ ಪ್ರಾರ್ಥನಾ ಕೂಟದಲ್ಲಿ ಪ್ರತಿವರ್ಷ ಒಂದೇ ಮಾತು ಕೇಳಿಬರುತ್ತದೆ. "40 ದಿನ ಮೀನು ಮಾಂಸ ಮುಟ್ಟಲಿಲ್ಲ ಟೀಚರ್, ಶಿಲುಬೆಯ ಹಾದಿ ಒಂದೂ ತಪ್ಪಿಸಲಿಲ್ಲ. ಆದ್ರೂ ಒಳಗೆ ಏನೂ ಅಲ್ಲಾಡಲಿಲ್ಲ." ಹೀಗೆ ಹೇಳುವವರು ಸೋಮಾರಿಗಳಲ್ಲ. ಅಡಿಕೆ ಸುಲಿದು, ಬೇಯಿಸಿ, ಅಂಗಳದಲ್ಲಿ ಹರವಿ, ಮತ್ತೆ ಶುಕ್ರವಾರ ಸಂಜೆ ಶಿಲುಬೆಯ ಹಾದಿಯ ಪ್ರಾರ್ಥನೆಗೆ ಹತ್ತು ಮೈಲಿ ದೂರದ ಚರ್ಚಿಗೆ ಬಂದವರು. ಅವರ ಶ್ರಮ ಸಾಲದೆ ಹೋದದ್ದಲ್ಲ, ಕ್ರಮ ತಲೆಕೆಳಗಾಗಿದ್ದು.

ಹೆಚ್ಚಿನವರು, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ರಾತ್ರಿ 'ಈ ಸಲ ಏನು ಬಿಡೋಣ' ಎಂಬ ಪ್ರಶ್ನೆಯಿಂದ ಶುರು ಮಾಡುತ್ತಾರೆ. ಟೀ, ಮೀನು, ಎಲೆಅಡಿಕೆ, ಬ್ರಾಂದಿ, ಧಾರಾವಾಹಿ, ಯಾವುದೋ ಒಂದನ್ನು ಬಿಡುತ್ತಾರೆ. ಆಮೇಲೆ ಬಿಟ್ಟದ್ದನ್ನು ಕಾಯುವುದರಲ್ಲೇ 40 ದಿನ ಕಳೆದುಹೋಗುತ್ತದೆ. ತನ್ನ ವಿಶ್ವಾಸ ಎಲ್ಲಿ ಗಟ್ಟಿಯಿದೆ, ಎಲ್ಲಿ ಟೊಳ್ಳಾಗಿದೆ, ಬದಲಾಗಲು ಮನಸ್ಸು ಒಪ್ಪುತ್ತದೆಯೋ ಇಲ್ಲವೋ ಎಂದು ನೋಡುವ ಕೆಲಸ ಹಾಗೇ ಉಳಿಯುತ್ತದೆ. ನಾನೇ 11 ವರ್ಷ ತಪಸ್ಸು ಕಾಲದಲ್ಲಿ ಟೀ ಬಿಟ್ಟಿದ್ದೆ. ಆ 11 ವರ್ಷವೂ ತಮ್ಮನ ಹೆಂಡತಿಯ ಜೊತೆ ನನಗೆ ಮಾತಿರಲಿಲ್ಲ. ಎರಡಕ್ಕೂ ಸಂಬಂಧವಿದೆ ಎಂಬುದು ಹೊಳೆಯಲೂ ಇಲ್ಲ.

ಇಲ್ಲಿ ಬರೆದಿರುವುದು ಬೇರೆ ಕ್ರಮ. ಮೊದಲು ನೋಡುವುದು, ಆಮೇಲೆ ವಿಂಗಡಿಸುವುದು, ಇನ್ನೊಬ್ಬರನ್ನು ಕೇಳುವುದು, ಒಂದೇ ಒಂದನ್ನು ಆರಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು. ಉಪವಾಸ ಇವುಗಳ ಹಿಂದೆ ಬರುತ್ತದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಬೇಕಾದ ಸಾಮಾನು

100 ಪುಟದ ಗೆರೆ ಹಾಕಿದ ನೋಟ್‌ಬುಕ್. ಪೆನ್ನು (ಪೆನ್ಸಿಲ್ ಬೇಡ, ಬರೆದದ್ದನ್ನು ಅಳಿಸುವ ಆಸೆಯಾಗುತ್ತದೆ). ಬೈಬಲ್. ಗೋಡೆಯ ಕ್ಯಾಲೆಂಡರ್. ದಿನಕ್ಕೆ 15 ನಿಮಿಷ. ನಿಮ್ಮ ಮುಖ ನೋಡಿ ನಿಜ ಹೇಳಬಲ್ಲ ಒಬ್ಬ ಮನುಷ್ಯ.

ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ನನಗೆ ಒಗ್ಗಿದ್ದು ಬೆಳಗಿನ ಬಚ್ಚಲ ಒಲೆಯ ಮುಂದೆ. ಹಂಡೆಗೆ ಬೆಂಕಿ ಹಾಕಿದರೆ ನೀರು ಕಾಯುವ ತನಕ ಯಾರೂ ಕರೆಯುವುದಿಲ್ಲ. ಪೇಟೆಯಲ್ಲಿದ್ದರೆ ತಾರಸಿಯ ಮೆಟ್ಟಿಲು ಸಾಕು. ಏಕಾಂತ ಬೇಕೆಂದು ಕಾಡಂಚಿಗೆ, ದರಗಿನ (ಒಣ ಎಲೆಗಳ) ಮೇಲೆ ಕೂರಲು ಮಾತ್ರ ಹೋಗಬೇಡಿ. ಡಿಸೆಂಬರಿನಿಂದ ಮೇ ತನಕ ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವ ಉಣ್ಣೆಗಳು (ಉಣುಗುಗಳು) ಇರುವುದು ಅಲ್ಲೇ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಬೈಬಲ್ ಆಪ್ ಇದೆ ಎಂಬ ನೆಪಕ್ಕೂ ಅದು ಕೈಯಲ್ಲಿರುವುದು ಬೇಡ.

## ದಿನಗಳ ಲೆಕ್ಕ

ವಿಭೂತಿ ಬುಧವಾರದಿಂದ ಪಾಸ್ಖದ ಹಿಂದಿನ ಶನಿವಾರದವರೆಗೆ 46 ದಿನ. ನಡುವಿನ 6 ಭಾನುವಾರ ಕಳೆದರೆ 40. ಹಬ್ಬದ ದಿನ ಪ್ರತಿವರ್ಷ ಸರಿಯುವುದರಿಂದ ನಮ್ಮ ತೋಟದ ಕೆಲಸಕ್ಕೆ ಅದು ಬೇರೆ ಬೇರೆ ರೀತಿ ಕೂಡುತ್ತದೆ. 2026ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 18ಕ್ಕೆ, ಪಾಸ್ಖ ಏಪ್ರಿಲ್ 5ಕ್ಕೆ. 2027ರಲ್ಲಿ ಫೆಬ್ರವರಿ 10ಕ್ಕೇ ಶುರುವಾಗಿ ಮಾರ್ಚ್ 28ಕ್ಕೆ ಪಾಸ್ಖ. ಹಾಗೆ ಬೇಗ ಬಂದ ವರ್ಷ ಅಡಿಕೆ ಕೆಲಸ ಪೂರ್ತಿ ಮುಗಿದಿರುವುದಿಲ್ಲ, ಕಾಳುಮೆಣಸು ಕೊಯ್ಲೂ ಹೆಗಲೇರಿರುತ್ತದೆ. ಅಂಥ ವರ್ಷ 15 ನಿಮಿಷವನ್ನು 10ಕ್ಕೆ ಇಳಿಸಿ, ಆದರೆ ದಿನ ತಪ್ಪಿಸಬೇಡಿ. ಬಿಡುವಾದ ದಿನ ಒಂದು ಗಂಟೆ ಕೂತು ಸರಿದೂಗಿಸುತ್ತೇನೆ ಎಂದವರು ಮೂರನೇ ವಾರಕ್ಕೆ ಪುಸ್ತಕ ಮುಚ್ಚಿಟ್ಟಿದ್ದನ್ನು ಕಂಡಿದ್ದೇನೆ.

## ಹಂತ 1: ಹಳೆಯ ಗರಿ ಇಳಿಸಿ (ವಿಭೂತಿ ಬುಧವಾರಕ್ಕೆ ಮೊದಲು)

ಹೋದ ವರ್ಷ ಗರಿಗಳ ಭಾನುವಾರ (ಪಾಸ್ಖದ ಹಿಂದಿನ ಭಾನುವಾರ) ತಂದ ಗರಿ ನಿಮ್ಮ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಿರುತ್ತೀರಿ. ಅದನ್ನು ಸುಟ್ಟ ಬೂದಿಯೇ ವಿಭೂತಿ ಬುಧವಾರ ಹಣೆಗೆ ಬರುವುದು. ಚರ್ಚಿಗೆ ಕೊಡುವ ಮೊದಲು ಒಂದು ಸಂಜೆ ಆ ಗರಿಯನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳಿ. ಅದು ಹಸಿರಾಗಿದ್ದಾಗ ನೀವು ಏನು ಬೇಡಿಕೊಂಡಿದ್ದಿರಿ, ಏನು ಮಾತು ಕೊಟ್ಟಿದ್ದಿರಿ, ಮನೆಯಲ್ಲಿ ಯಾರಿದ್ದರು, ಈಗ ಯಾರಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರೇ ಸಾಲು ಬರೆಯಿರಿ: ಹೋದ ವರ್ಷದಿಂದ ಈಚೆಗೆ ನನ್ನಲ್ಲಿ ಒಳ್ಳೆಯದಾದದ್ದು, ಹದಗೆಟ್ಟದ್ದು, ಇದ್ದಲ್ಲೇ ಇರುವುದು. ಒಳ್ಳೆಯದಾದದ್ದನ್ನು ಬಿಟ್ಟು ಮುಂದೆ ಹೋಗಬೇಡಿ. ತನ್ನಲ್ಲಿ ಒಂದೂ ಒಳ್ಳೆಯದು ಕಾಣದ ಮನುಷ್ಯ ಕೆಟ್ಟದ್ದನ್ನೂ ಸರಿಯಾಗಿ ಕಾಣಲಾರ.

## ಹಂತ 2: ಮೊದಲ ಹತ್ತು ದಿನ ನೋಡುವುದಷ್ಟೇ

ವಿಭೂತಿ ಬುಧವಾರದ ಉಪವಾಸ ಧರ್ಮಸಭೆ ಹಾಕಿದ ನಿಯಮ, ಅದನ್ನು ಪಾಲಿಸಿ. ಕಥೋಲಿಕರಲ್ಲಿ 18 ತುಂಬಿದವರಿಂದ 59ರವರೆಗಿನವರಿಗೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ: ಒಂದು ಪೂರ್ತಿ ಊಟ, ಮಿಕ್ಕ ಎರಡು ಹೊತ್ತು ಸ್ವಲ್ಪವೇ ಆಹಾರ. 14 ತುಂಬಿದವರಿಗೆ ಈ ಎರಡು ದಿನಗಳಲ್ಲೂ ತಪಸ್ಸು ಕಾಲದ ಶುಕ್ರವಾರಗಳಲ್ಲೂ ಮಾಂಸ ವರ್ಜ್ಯ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಕಾಯಿಲೆ ಬಿದ್ದವರು ಉಪವಾಸ ಮಾಡಬೇಕಾಗಿಲ್ಲ. ಇದರಾಚೆಗೆ ನಿಮ್ಮದೇ ವ್ರತವನ್ನು ಈ ಹತ್ತು ದಿನ ಸೇರಿಸಬೇಡಿ.

ಆ ಬುಧವಾರ ಪೂಜೆಯಲ್ಲಿ ಓದುವ ಮತ್ತಾಯನ 6ನೇ ಅಧ್ಯಾಯವನ್ನು ಮನೆಗೆ ಬಂದು ಮತ್ತೊಮ್ಮೆ ಓದಿ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಯೇಸು ಯಾರಿಗೂ ಕಾಣದ ಹಾಗೆ ಮಾಡಲು ಹೇಳುತ್ತಾರೆ. ಈ ನೋಟ್‌ಬುಕ್ಕಿಗೂ ಅದು ಅನ್ವಯ. ಯಾರಿಗೂ ತೋರಿಸಬಾರದು, ಬರೆಯುತ್ತಿದ್ದೇನೆ ಎಂದು ಹೇಳಿಕೊಳ್ಳಲೂ ಬಾರದು.

ದಿನದ 15 ನಿಮಿಷಕ್ಕೆ ನಾನು ಬಳಸುವುದು ಯೇಸುಸಭೆಯನ್ನು (ಜೆಸ್ವಿಟ್ ಸಂಘವನ್ನು) ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಐದು ಮೆಟ್ಟಿಲು.

1. ಹಿಂದಿನ ದಿನ ಸಿಕ್ಕ ಒಳ್ಳೆಯದಕ್ಕೆ ದೇವರಿಗೆ ಕೃತಜ್ಞತೆ. ಹೆಸರು ಹಿಡಿದು ಹೇಳಿ: ಪಕ್ಕದ ಮನೆಯವರು ಕಳಿಸಿದ ಗೆಣಸು, ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟ ಹುಡುಗ.
2. ನೋಡಲು ಬೆಳಕು ಕೊಡು ಎಂದು ಬೇಡಿಕೆ.
3. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ದಿನವನ್ನು ಹೊತ್ತು ಹೊತ್ತಾಗಿ ನೆನೆಯುವುದು.
4. ನೊಂದುಕೊಳ್ಳಬೇಕಾದ್ದಕ್ಕೆ ಕ್ಷಮೆ ಕೇಳುವುದು.
5. ಇವತ್ತಿಗೆ ಒಂದು ಸಣ್ಣ ನಿರ್ಧಾರ.

ಎಡವುವುದು ಮೂರನೆಯದರಲ್ಲಿ. 'ನಿನ್ನೆ ಸಿಟ್ಟು ಮಾಡಿಕೊಂಡೆ' ಎಂದು ಬರೆದರೆ ಏನೂ ಕಾಣುವುದಿಲ್ಲ. 'ಮಧ್ಯಾಹ್ನ ಒಂದೂವರೆಗೆ, ಸಾರಿಗೆ ಉಪ್ಪು ಕಮ್ಮಿ ಅಂತ ಅಪ್ಪ ಅಂದಾಗ, ತಟ್ಟೆ ಕುಕ್ಕಿದೆ' ಎಂದು ಬರೆದರೆ ಕಾಣುತ್ತದೆ. ಹೊತ್ತು, ಜಾಗ, ಎದುರಿಗಿದ್ದವರು, ಆಡಿದ ಮಾತು ಇಷ್ಟಿರಲಿ. ಕಾರಣ ಬರೆಯಬೇಡಿ. ಕಾರಣ ಬರೆಯಲು ಹೊರಟರೆ ಎರಡನೇ ಸಾಲಿಗೇ ತಪ್ಪು ಇನ್ನೊಬ್ಬರ ಹೆಗಲಿಗೆ ಹೋಗಿರುತ್ತದೆ.

ಹತ್ತನೇ ದಿನ ಎಲ್ಲವನ್ನೂ ಒಟ್ಟಿಗೆ ಓದಿ. ಒಂದೇ ಹೊತ್ತು, ಒಂದೇ ಮನುಷ್ಯ, ಒಂದೇ ಮಾತು ಮೂರು ನಾಲ್ಕು ಸಲ ಬಂದಿದ್ದರೆ ಅದರ ಸುತ್ತ ಗೆರೆ ಹಾಕಿ. ಅಷ್ಟು ಸಾಕು.

## ಹಂತ 3: ವಿಶ್ವಾಸವನ್ನು ವಿಂಗಡಿಸುವುದು (ಎರಡನೇ ಭಾನುವಾರದಿಂದ)

ಈ ಹಂತಕ್ಕೆ ಒಂದು ವಾರ ಪೂರ್ತಿ ಕೊಡಿ.

ಒಣಗಿದ ಅಡಿಕೆಯನ್ನು ನಾವು ಒಂದೇ ಚೀಲಕ್ಕೆ ಸುರಿದು ಮಂಡಿಗೆ ಕಳಿಸುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕೈಯಿಂದ ಆರಿಸುತ್ತೇವೆ. ವಿಶ್ವಾಸವನ್ನು ಮಾತ್ರ ಒಂದೇ ಚೀಲದಲ್ಲಿಟ್ಟು 'ನನಗೆ ನಂಬಿಕೆ ಇದೆ' ಅಥವಾ 'ನನಗೆ ನಂಬಿಕೆ ಇಲ್ಲ' ಎಂದು ತೂಗಿಬಿಡುತ್ತೇವೆ. ಅದೇ ಚೀಲದಲ್ಲಿ ಎಲ್ಲ ಬಗೆಯೂ ಇರುತ್ತದೆ.

ಭಾನುವಾರದ ಪೂಜೆಯಲ್ಲಿ ಹೇಳುವ ವಿಶ್ವಾಸ ಸಂಗ್ರಹವನ್ನು (ನಾವು ನಂಬುವುದನ್ನು ಸಾಲಾಗಿ ಹೇಳುವ ಪ್ರಾರ್ಥನೆಯನ್ನು) ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆದುಕೊಳ್ಳಿ. ಪ್ರತಿ ಸಾಲಿನ ಕೆಳಗೆ ನಾಲ್ಕು ಬೆರಳು ಜಾಗ ಬಿಡಿ. ದಿನಕ್ಕೆ ಎರಡೇ ಸಾಲು. 'ಇದು ನಿಜವೇ' ಎಂದು ಕೇಳಿಕೊಳ್ಳುವ ಬದಲು ಹೀಗೆ ಕೇಳಿ: 'ಕಳೆದ ಒಂದು ವರ್ಷದಲ್ಲಿ ಈ ಸಾಲಿನಿಂದಾಗಿ ನಾನು ಮಾಡಿದ ಒಂದು ಕೆಲಸ ಯಾವುದು? ಅಥವಾ ಮಾಡದೆ ತಡೆದುಕೊಂಡದ್ದು?' ಉತ್ತರ ನೋಡಿ ಸಾಲನ್ನು ಒಂದು ಗುಂಪಿಗೆ ಹಾಕಿ: ನಂಬಿ ಬದುಕುತ್ತಿರುವುದು, ನಂಬಿದರೂ ಬದುಕಿನಲ್ಲಿ ಇಲ್ಲದ್ದು, ಬಾಯಿಪಾಠಕ್ಕೆ ಹೇಳುತ್ತಿರುವುದು, ಅನುಮಾನವಿರುವುದು.

ನನಗೆ ಮೊದಲ ಸಲ ಸಿಕ್ಕಿಬಿದ್ದದ್ದು ಪಾಪಕ್ಷಮೆಯ ಸಾಲು. ದೇವರು ನನ್ನನ್ನು ಕ್ಷಮಿಸುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ತಮ್ಮನ ಹೆಂಡತಿಯನ್ನೂ ಕ್ಷಮಿಸುತ್ತಾರೆ ಎಂಬುದನ್ನು ಮಾತ್ರ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಎರಡನೇ ಗುಂಪಿಗೆ ಹಾಕಿದೆ, ಕೈ ನಡುಗಿತು.

ಬಾಯಿಪಾಠದ ಗುಂಪು ದೊಡ್ಡದಾಯಿತೆಂದು ಗಾಬರಿ ಬೇಡ. ಅಜ್ಜಿ ಹೇಳಿಕೊಟ್ಟದ್ದನ್ನು ಹಾಗೇ ಕಾಪಾಡಿಕೊಂಡು ಬಂದದ್ದೂ ಒಂದು ನಿಷ್ಠೆಯೇ. ಈಗ ಅದನ್ನು ಒಡೆದು ನೋಡುವ ಹೊತ್ತು ಬಂದಿದೆ, ಅಷ್ಟೇ.

### ಅನುಮಾನದ ಗುಂಪನ್ನು ಮತ್ತೆ ಮೂರು ಮಾಡಿ

ಜನ ಸೋಲುವುದು ಇಲ್ಲಿ. ಅನುಮಾನವೆಂದರೆ ಪಾಪ ಎಂದು ಹೆದರಿ ಅದನ್ನು ಮುಚ್ಚುತ್ತಾರೆ, ಅಥವಾ ಒಂದು ಅನುಮಾನ ಬಂದ ಕೂಡಲೇ ಎಲ್ಲವನ್ನೂ ಕೈಬಿಡುತ್ತಾರೆ. ಮಾರ್ಕನ 9ನೇ ಅಧ್ಯಾಯದಲ್ಲಿ ಮೂರ್ಛೆ ಬೀಳುವ ಮಗನನ್ನು ಕರೆತಂದ ತಂದೆ, ನಂಬುತ್ತೇನೆ ಎಂದವನೇ ತನ್ನ ಅಪನಂಬಿಕೆಗೆ ಸಹಾಯ ಕೇಳುತ್ತಾನೆ. ಯೇಸು ಅವನನ್ನು ವಾಪಸು ಕಳಿಸಲಿಲ್ಲ, ಮಗುವನ್ನು ಗುಣಪಡಿಸಿದರು. ಅಷ್ಟು ಧೈರ್ಯದಿಂದ ಈ ಗುಂಪನ್ನು ನೋಡಬಹುದು.

ಒಂದು ಬಗೆ ತಿಳಿವಳಿಕೆಯ ಅನುಮಾನ. 'ಸತ್ತವರು ಎದ್ದು ಬರುವುದೆಂದರೆ ಏನು?' ಇದಕ್ಕೆ ಓದು ಬೇಕು, ಚರ್ಚಿನ ಗುರುಗಳನ್ನೋ ಸಿಸ್ಟರನ್ನೋ ಕೇಳಬೇಕು. ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿ, ಪೂಜೆ ಮುಗಿದ ಗಡಿಬಿಡಿಯಲ್ಲಿ ಬೇಡ, ಸಮಯ ಕೇಳಿಕೊಂಡು ಹೋಗಿ.

ಇನ್ನೊಂದು ಗಾಯದ ಅನುಮಾನ. ಎಲೆಚುಕ್ಕಿ ರೋಗ ಬಂದು ತೋಟ ಕಣ್ಣೆದುರೇ ಒಣಗಿದವರಿಗೆ, ಮಂಗನ ಕಾಯಿಲೆಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ 'ಸರ್ವಶಕ್ತ' ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ವಾದ ಕೊಡಬೇಡಿ, ನಿಮಗೇ ಹೀಗಾಗಿದ್ದರೆ ನೀವೂ ವಾದ ಹುಡುಕಬೇಡಿ. ಬೈಬಲಿನ ಕೀರ್ತನೆ 13 ಮತ್ತು 88 ಓದಿ. 88ನೆಯದು ಸಮಾಧಾನಕ್ಕೆ ಬರದೆ ಕತ್ತಲಲ್ಲೇ ಮುಗಿಯುತ್ತದೆ. ದೇವರೊಂದಿಗೆ ಜಗಳವಾಡುವುದೂ ಪ್ರಾರ್ಥನೆ ಎಂದು ಅದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು.

ಮೂರನೆಯದು ಅನುಮಾನದ ವೇಷ ಹಾಕಿದ ಹಟ. ಇದನ್ನು ಗುರುತಿಸಲು ಒಂದು ಪರೀಕ್ಷೆ ಇದೆ: 'ನಾಳೆ ಬೆಳಗ್ಗೆ ಈ ಅನುಮಾನ ಬಗೆಹರಿದರೆ ನಾನು ಬದಲಾಗುತ್ತೇನೆಯೇ?' ಇಲ್ಲ ಎಂದು ಮನಸ್ಸು ಹೇಳಿದರೆ ತೊಡಕಿರುವುದು ವಿಶ್ವಾಸದಲ್ಲಲ್ಲ. ಗಡಿ ಜಗಳದ ಕೋರ್ಟು ಕೇಸನ್ನು ಬಿಡಲಾಗದವರು ಯೇಸುವಿನ ಶುಭಸಂದೇಶ ಈ ಕಾಲಕ್ಕೆ ಆಗದ ಮಾತು ಎನ್ನುವುದನ್ನು ಕೇಳಿದ್ದೇನೆ.

## ಹಂತ 4: ಬದಲಾಗಲು ಮನಸ್ಸಿದೆಯೇ ಎಂದು ಪರೀಕ್ಷಿಸುವುದು

ಇದನ್ನು ಒಬ್ಬರೇ ಕುಳಿತು ತಿಳಿಯಲಾಗುವುದಿಲ್ಲ. ಒಬ್ಬರನ್ನು ಕೇಳಲೇಬೇಕು.

ಯಾರನ್ನು ಕೇಳಬೇಕು? ದಿನಾ ನಿಮ್ಮ ಜೊತೆ ಊಟ ಮಾಡುವವರನ್ನು. ನಿಮ್ಮನ್ನು ಹೊಗಳುವ ಗೆಳೆಯರನ್ನಲ್ಲ, ನಿಮ್ಮನ್ನು ಭಾನುವಾರ ಮಾತ್ರ ಕಾಣುವ ಗುರುಗಳನ್ನೂ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: 'ನನ್ನ ಜೊತೆ ಇರುವುದು ನಿನಗೆ ಯಾವಾಗ ಕಷ್ಟ ಅನ್ನಿಸುತ್ತದೆ?' ಉತ್ತರ ಬಂದ ಮೇಲೆ ಒಂದು ಹಗಲು, ಒಂದು ರಾತ್ರಿ ಬಾಯಿ ಬಿಡಬಾರದು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ.

ನಾನು ಮಗಳನ್ನು ಕೇಳಿದೆ. ಮುಸುರೆ ತೊಳೆಯುತ್ತಿದ್ದವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಭಾನುವಾರ ಮಧ್ಯಾಹ್ನ ಅಮ್ಮ. ಪೂಜೆಯಿಂದ ಬಂದ ಮೇಲೆ. ಚರ್ಚಲ್ಲಿ ಯಾರು ಹೇಗೆ ಬಂದಿದ್ರು, ಯಾರು ಪರಮಪ್ರಸಾದ ತಗೊಂಡ್ರು, ಅವ್ರಿಗೆ ಏನು ಯೋಗ್ಯತೆ ಅಂತ ಊಟ ಮುಗಿಯೋ ತನಕ ಹೇಳ್ತೀಯ. ನಂಗೆ ಅನ್ನ ಇಳಿಯಲ್ಲ." ನಾನು ಅವಳಿಂದ ಸಿಟ್ಟಿನ ಬಗ್ಗೆ ಮಾತು ಬರುತ್ತದೆ ಎಂದುಕೊಂಡಿದ್ದೆ. ಹತ್ತು ದಿನ ಬರೆದ ಪುಸ್ತಕದಲ್ಲಿ ಭಾನುವಾರದ ಊಟದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನನ್ನ ಭಕ್ತಿಯ ದಿನವೇ ಅವಳಿಗೆ ಭಾರದ ದಿನ ಎಂದು ತಿಳಿಯಲು ಇನ್ನಾವ ದಾರಿಯೂ ಇರಲಿಲ್ಲ.

ಇಲ್ಲಿ ಆಗುವ ತಪ್ಪುಗಳು ಹಲವು. 'ಅದು ಹಾಗಲ್ಲ' ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ಮನಸ್ಸು ಎಷ್ಟು ಬಿಗಿಯಾಗಿದೆ ಎಂಬುದಕ್ಕೆ ಅದೇ ಅಳತೆ, ಎಷ್ಟು ಬೇಗ ಬಂತು ಎಂದು ಬರೆದುಕೊಳ್ಳಿ. ಅಳುವುದೂ ಒಂದು ತಪ್ಪು. ಎದುರಿನವರು ತಾವು ನಿಜ ಹೇಳಿದ್ದಕ್ಕೆ ನಿಮ್ಮನ್ನೇ ಸಮಾಧಾನ ಮಾಡುವ ಹಾಗಾಗುತ್ತದೆ. 'ಹಾಗಾದ್ರೆ ನಿನ್ನದೂ ಹೇಳಲಾ' ಎಂದು ತಿರುಗಿಸಿದರಂತೂ ಮುಂದೆ ಅವರು ನಿಜ ಹೇಳುವುದಿಲ್ಲ.

ನಿಮ್ಮ ಕೈಕೆಳಗಿನವರನ್ನು ಹೀಗೆ ಕೇಳಬೇಡಿ. ತೋಟದ ಆಳನ್ನು, ಹೊಸದಾಗಿ ಬಂದ ಸೊಸೆಯನ್ನು ಕೂರಿಸಿ ಕೇಳಿದರೆ 'ನಿಮ್ಮಲ್ಲಿ ಏನೂ ತೊಂದ್ರೆ ಇಲ್ಲಮ್ಮ' ಎನ್ನದೆ ಅವರಿಗೆ ಬೇರೆ ದಾರಿಯಿಲ್ಲ. ಅವರ ವಿಷಯದಲ್ಲಿ ಕಣ್ಣಿನಿಂದ ನೋಡಿ. ನೀವು ಅಂಗಳಕ್ಕೆ ಕಾಲಿಟ್ಟಾಗ ಅಡಿಕೆ ಸುಲಿಯುವ ಹೆಂಗಸರ ಮಾತು ನಿಲ್ಲುತ್ತದೆಯೇ? ಸೊಸೆ ನಿಮ್ಮೆದುರು ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಾಳೆಯೇ?

ಕೇಳಿದ್ದೆಲ್ಲವನ್ನೂ ಒಪ್ಪಬೇಕೆಂದಿಲ್ಲ. ಮನಸ್ಸು ತೆರೆದಿಡುವುದೆಂದರೆ ಗಾಳಿ ಬಂದ ಕಡೆ ತೂರಿಕೊಳ್ಳುವುದಲ್ಲ. ಒಂದು ದಿನ ಕಳೆದ ಮೇಲೆ ಆ ಮಾತನ್ನು ಮತ್ತಾಯನ 5ರಿಂದ 7ನೇ ಅಧ್ಯಾಯಗಳ (ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದ) ಪಕ್ಕದಲ್ಲಿಟ್ಟು ನೋಡಿ. ಹೊಂದಿದರೆ ತೆಗೆದುಕೊಳ್ಳಿ. ನಿಕೊದೇಮನಂತೆ ನಿಧಾನವಾಗಿ ಬದಲಾದರೂ ಸರಿಯೇ. ಯೊವಾನ್ನನ ಶುಭಸಂದೇಶದಲ್ಲಿ ಅವನು 3ನೇ ಅಧ್ಯಾಯಕ್ಕೆ ರಾತ್ರಿ ಕದ್ದು ಬರುತ್ತಾನೆ, 7ಕ್ಕೆ ಸಭೆಯಲ್ಲಿ ಒಂದು ಮಾತು ಎತ್ತುತ್ತಾನೆ, 19ಕ್ಕೆ ಸುಗಂಧದ್ರವ್ಯ ಹೊತ್ತುಕೊಂಡು ಯೇಸುವಿನ ಶವದ ಬಳಿ ನಿಂತಿರುತ್ತಾನೆ.

## ಹಂತ 5: ಒಂದೇ ಒಂದನ್ನು ಆರಿಸಿ, ಉಪವಾಸ ಅದಕ್ಕೆ ತಕ್ಕ ಹಾಗೆ

ಈಗ ಸುಮಾರು ಮೂರನೇ ಭಾನುವಾರದ ಹೊತ್ತು. ಹಂತ 2ರ ಗೆರೆ ಹಾಕಿದ ಜಾಗ, ಹಂತ 3ರ ಎರಡನೇ ಗುಂಪು, ಹಂತ 4ರ ಉತ್ತರ, ಮೂರನ್ನೂ ಒಟ್ಟಿಗಿಟ್ಟು ನೋಡಿ. ಮೂರರಲ್ಲೂ ತಲೆಹಾಕುವ ಒಂದು ಸಂಗತಿ ಇರುತ್ತದೆ. ಅದನ್ನು ಆರಿಸಿಕೊಳ್ಳಿ. ಎರಡು ಬೇಡ.

ಬರೆಯುವ ರೀತಿ ಹೀಗಿರಲಿ: 'ಭಾನುವಾರ ಊಟಕ್ಕೆ ಕೂತಾಗ ಚರ್ಚಿನಲ್ಲಿ ಕಂಡ ಒಬ್ಬರ ಬಗ್ಗೆಯೂ ಕೆಟ್ಟ ಮಾತಾಡುವುದಿಲ್ಲ.' 'ಒಳ್ಳೆಯವಳಾಗುತ್ತೇನೆ' ಎಂದು ಬರೆದರೆ ಸೋತಿರೋ ಗೆದ್ದಿರೋ ನಿಮಗೇ ಗೊತ್ತಾಗದು. ಇಗ್ನೇಷಿಯಸ್ ಇದಕ್ಕೂ ಒಂದು ಉಪಾಯ ಹೇಳಿದ್ದಾರೆ. ದಿನಕ್ಕೆ ಎರಡು ಗೆರೆ, ಮಧ್ಯಾಹ್ನಕ್ಕೊಂದು, ರಾತ್ರಿಗೊಂದು. ಎಡವಿದಷ್ಟು ಸಲ ಗೆರೆಯ ಮೇಲೆ ಚುಕ್ಕೆ. ಇವತ್ತಿನದನ್ನು ನಿನ್ನೆಯದಕ್ಕೆ, ಈ ವಾರವನ್ನು ಹೋದ ವಾರಕ್ಕೆ ಹೋಲಿಸುವುದು. ಮೊದಲ ವಾರ ಚುಕ್ಕೆ ಹೆಚ್ಚಾಗುತ್ತದೆ. ಹಿಂದೆ ಕಾಣದ್ದು ಈಗ ಕಾಣುತ್ತಿದೆ, ಅಷ್ಟೇ.

ಉಪವಾಸ ಬರುವುದು ಈಗ. ಆರಿಸಿದ ಬದಲಾವಣೆಗೆ ಯಾವುದು ಅಡ್ಡಿಯೋ ಅದನ್ನು ಬಿಡಿ. ನನ್ನ ನಾಲಿಗೆಗೆ ಟೀ ಅಡ್ಡಿಯಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಮುಕ್ಕಾಲು ಗಂಟೆ ನಿಂತು ಊರ ಸುದ್ದಿ ಕೂಡಿಸುವ ಅಭ್ಯಾಸ ಅಡ್ಡಿಯಾಗಿತ್ತು. ಅದನ್ನು ಬಿಟ್ಟೆ. ಸಿಟ್ಟು ನಿಮ್ಮ ತೊಡಕಾಗಿದ್ದರೆ ಹಸಿವು ಅದನ್ನು ಹೆಚ್ಚಿಸಬಹುದು, ಹಾಗಾಗಿ ಊಟದ ಬದಲು ಬೇರೆಯದನ್ನು ಬಿಡಿ. ಉಳಿದ ದುಡ್ಡನ್ನು ಡಬ್ಬಿಗೆ ಹಾಕಿ, ಪಾಸ್ಖಕ್ಕೆ ಮೊದಲು ಅಗತ್ಯ ಇರುವವರಿಗೆ ಸದ್ದಿಲ್ಲದೆ ಮುಟ್ಟಿಸಿ.

ಲೂಕನ 13ನೇ ಅಧ್ಯಾಯದ ಅಂಜೂರದ ಮರವನ್ನು ತೋಟ ಮಾಡುವವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಮೂರು ವರ್ಷ ಫಲ ಬಿಡದ ಮರ ಕಡಿ ಎಂದಾಗ ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಸುಮ್ಮನೆ ಕಾಯುತ್ತೇನೆ ಎನ್ನುವುದಿಲ್ಲ, ಬುಡ ಬಿಡಿಸಿ ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಒಂದೇ ಮರ, ಒಂದೇ ಬುಡ.

ಕುಡಿತ ಬಿಡುವವರಿಗೆ ಎಚ್ಚರಿಕೆ. ದಿನಾ ಹೆಚ್ಚು ಕುಡಿಯುವ ಅಭ್ಯಾಸ ಇರುವವರು ವಿಭೂತಿ ಬುಧವಾರ ಏಕಾಏಕಿ ನಿಲ್ಲಿಸಬಾರದು. ಕೈ ನಡುಕ, ಬೆವರು, ನಿದ್ರೆಗೇಡು ಶುರುವಾಗಿ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸುವ ಭ್ರಮೆಯಾಗಬಹುದು; ಜೀವಕ್ಕೇ ಅಪಾಯ. ಮೊದಲು ವೈದ್ಯರನ್ನು ಕಂಡು ಅವರು ಹೇಳಿದ ಹಾಗೆ ಬಿಡಿ. ಈ ಲಕ್ಷಣ ಕಂಡರೆ ಪ್ರಾರ್ಥನೆಗೆ ಕೂರಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಶಿವಮೊಗ್ಗದ ಸುತ್ತಲಿನವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ. 40 ದಿನ ಬಿಟ್ಟು ಹಬ್ಬದ ಮಧ್ಯಾಹ್ನ ಒಟ್ಟಿಗೆ ಕುಡಿಯುವುದು ಇನ್ನೊಂದು ದೊಡ್ಡ ತಪ್ಪು.

## ಹಂತ 6: ಸರಿಪಡಿಸಿ, ಆಮೇಲೆ ಪಾಪನಿವೇದನೆ

ಮತ್ತಾಯ 5:23-24ರಲ್ಲಿ ಕ್ರಮ ಸ್ಪಷ್ಟವಿದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಬೇಕು.

ದುಡ್ಡಿನಿಂದ ಶುರು ಮಾಡಿ, ಅದು ಲೆಕ್ಕಕ್ಕೆ ಸಿಗುತ್ತದೆ. ಯೆಶಾಯನ 58ನೇ ಅಧ್ಯಾಯ ಉಪವಾಸದ ದಿನವೇ ಕೂಲಿಯವರನ್ನು ಹಿಂಡುವವರನ್ನು ಕುರಿತು ಮಾತಾಡುತ್ತದೆ. ಸುಲಿದ ಅಡಿಕೆಯ ಕೂಲಿ ಬಾಕಿ ಇದೆಯೇ? ಲೈನ್ ಮನೆಯವರ (ತೋಟದ ಕೂಲಿ ಮನೆಗಳವರ) ಮುಂಗಡದಲ್ಲಿ ಮುರಿದದ್ದು ಸರಿಯಿದೆಯೇ? ಪೇಟೆಯ ಕಿರಾಣಿ ಅಂಗಡಿಯ ಸಾಲ? ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯ, ವಂಚಿಸಿದ್ದರೆ ನಾಲ್ಕು ಪಟ್ಟು ಕೊಡುತ್ತೇನೆ ಎಂದ. ನೀವು ಬಾಕಿಯನ್ನಾದರೂ ಪೂರ್ತಿ ಕೊಡಿ.

ಮಾತು ಬಿಟ್ಟವರ ಮನೆಗೆ ಹೋಗುವಾಗ ನಿಮ್ಮ ತಪ್ಪಿನಷ್ಟನ್ನೇ ಹೇಳಿ ಬನ್ನಿ. 'ನೀನೂ ಹಾಗೆ ಅಂದಿದ್ದೆ' ಬೇಡ. ನಾನು ಹೋದ ದಿನ ತಮ್ಮನ ಹೆಂಡತಿ ಒಳಗಿಂದ ಹೊರಗೆ ಬರಲಿಲ್ಲ. ಜಗಲಿಯ ಮೇಲೆ ಕುಳಿತು ಬಾಗಿಲ ಕಡೆಗೇ ಹೇಳಿದೆ: "ಅಪ್ಪನ ತಿಥಿಯ ದಿನ ಎಲ್ಲರೆದುರು ನಿನ್ನ ತವರನ್ನ ಆಡಿಕೊಂಡೆ. ಅದು ತಪ್ಪು." ಉತ್ತರ ಬರಲಿಲ್ಲ. ಮನೆಗೆ ಬಂದೆ. ಎಂಟು ದಿನ ಬಿಟ್ಟು ತಮ್ಮನ ಕೈಯಲ್ಲಿ ಒಂದು ಚೀಲ ಮಾವಿನ ಮಿಡಿ ಬಂತು. ಅದಕ್ಕಿಂತ ಹೆಚ್ಚಿನದನ್ನು ಆ ವರ್ಷ ನಾನು ಕೇಳಲೂ ಇಲ್ಲ. ನಿಮ್ಮ ಪಾಲು ಹೋಗಿ ಹೇಳುವುದು. ಎದುರಿನವರ ಪಾಲು ಅವರದು, ಅದಕ್ಕೆ ಗಡುವು ಹಾಕಬೇಡಿ.

ಹೊಡೆಯುವ ಗಂಡನ ಮನೆಗೆ, ಕೈಹಾಕಿದ ನೆಂಟನ ಮನೆಗೆ ಹೋಗಿ ರಾಜಿ ಮಾಡಿಕೊಳ್ಳಿ ಎಂದು ಈ ಹಂತ ಹೇಳುವುದಿಲ್ಲ. ಯಾರಾದರೂ ತಪಸ್ಸು ಕಾಲದ ಹೆಸರಿನಲ್ಲಿ ಹಾಗೆ ಒತ್ತಾಯಿಸಿದರೆ ಒಪ್ಪಬೇಡಿ. ಮಹಿಳಾ ಸಹಾಯವಾಣಿ 181 ಇದೆ.

ಗುರುಗಳೆದುರು ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ, ಪಾಸ್ಖದ ಹಿಂದಿನ ಪವಿತ್ರ ವಾರದ ಸಾಲಿನಲ್ಲಿ ನಿಲ್ಲುವ ತನಕ ಕಾಯಬೇಡಿ, ಒಂದು ವಾರ ಮೊದಲೇ ಹೋಗಿ. ಕಳೆದ ಸಲ ಮಾಡಿ ಎಷ್ಟು ದಿನವಾಯಿತು ಎಂಬುದರಿಂದ ಶುರು ಮಾಡಿ. ಏನು ಮಾಡಿದಿರಿ, ಸುಮಾರು ಎಷ್ಟು ಸಲ ಎಂದು ನೇರವಾಗಿ ಹೇಳಿ. ಗಂಡನ, ಅತ್ತೆಯ ತಪ್ಪು ಹೇಳುವುದು ನಿವೇದನೆಯಲ್ಲ. ಗುರುಗಳು ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಊರಿನ ಗುರುಗಳೆದುರು ನಾಚಿಕೆಯಾದರೆ ಬೇರೆ ಚರ್ಚಿಗೆ ಹೋಗುವುದರಲ್ಲೂ ತಪ್ಪಿಲ್ಲ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮುಂತಾದ ಪ್ರೊಟೆಸ್ಟೆಂಟ್ ಸಭೆಗಳವರು ಈ ಜಾಗದಲ್ಲಿ ತಮ್ಮ ಸಭಾಪಾಲಕರೊಂದಿಗೆ ಕುಳಿತು ಮಾತಾಡಿ ಪ್ರಾರ್ಥಿಸಬಹುದು.

## ಹಂತ 7: ಬಾಡಿದ ವಾರ

ನಾಲ್ಕನೇ ವಾರದ ಸುಮಾರಿಗೆ ಎಲ್ಲವೂ ಸಪ್ಪೆಯಾಗುತ್ತದೆ. ಬಿಸಿಲೇರಿರುತ್ತದೆ, ಬಾವಿ ತಳ ಕಾಣುತ್ತದೆ, ತೋಟಕ್ಕೆ ನೀರು ಬಿಡಲು ಕರೆಂಟಿಗಾಗಿ ನಡುರಾತ್ರಿ ಏಳಬೇಕಾಗುತ್ತದೆ. ಪ್ರಾರ್ಥನೆ ಮರದ ತುಂಡು ಜಗಿದ ಹಾಗೆ. 'ಇದೆಲ್ಲ ನನ್ನಂಥವರಿಗಲ್ಲ' ಅನ್ನಿಸುತ್ತದೆ.

ಇಗ್ನೇಷಿಯಸ್ ಕೊಟ್ಟ ನಿಯಮ ಇಲ್ಲಿ ಬೇಕು: ಮನಸ್ಸು ಬಾಡಿದ ಹೊತ್ತಿನಲ್ಲಿ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. 15 ನಿಮಿಷವನ್ನು 16 ಮಾಡಿ, 14 ಮಾಡಬೇಡಿ. ಹೊಸ ವ್ರತ ಸೇರಿಸಬೇಡಿ, ಹಳೆಯದನ್ನು ಬಿಡಲೂ ಬೇಡಿ.

## ಇಲ್ಲಿ ನಿಲ್ಲಿಸಿ: ಅಪಾಯದ ಸೂಚನೆಗಳು

ಮನೆಯವರು ನಿಮ್ಮ ಉಪವಾಸದ ದಿನ ಹೆದರಿಕೊಂಡು ಓಡಾಡುತ್ತಿದ್ದರೆ ಉಪವಾಸ ನಿಲ್ಲಿಸಿ ಊಟ ಮಾಡಿ.

ಚರ್ಚಿನಲ್ಲಿ ಪ್ರಸಂಗ ಕೇಳುವಾಗಲೆಲ್ಲ 'ಇದು ಅವನಿಗೆ ಸರಿಯಾಗಿ ತಾಗಬೇಕು' ಎನ್ನಿಸುತ್ತಿದ್ದರೆ ಹಂತ 2ಕ್ಕೆ ಹಿಂತಿರುಗಿ.

ಹೇಳಿ ಮುಗಿದ ಪಾಪವೇ ಮತ್ತೆ ಮತ್ತೆ ಕಾಡಿ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ನಿದ್ರೆ ಹೋಗುತ್ತಿದ್ದರೆ ಬರೆಯುವುದನ್ನು ಪೂರ್ತಿ ನಿಲ್ಲಿಸಿ. ಇದು ಭಕ್ತಿ ಹೆಚ್ಚಾದದ್ದಲ್ಲ. ಇಗ್ನೇಷಿಯಸರನ್ನೇ 1522ರಲ್ಲಿ ಮನ್ರೇಸದಲ್ಲಿದ್ದಾಗ ಈ ಕಾಟ ಸಾವಿನ ಅಂಚಿನವರೆಗೆ ಒಯ್ದಿತ್ತು. ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೇ ಅವರು ಹೊರಬಂದದ್ದು. ಒಬ್ಬರೇ ಗುರುಗಳ ಮಾತು ಕೇಳಿ ಅದಕ್ಕೆ ಬದ್ಧರಾಗಿರಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಅಥವಾ ವಾರಗಟ್ಟಲೆ ಅನ್ನ ನಿದ್ರೆ ಇಲ್ಲವಾದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

## ಹಂತ 8: ಪವಿತ್ರ ವಾರ

ಗರಿಗಳ ಭಾನುವಾರ ಹೊಸ ಗರಿ ಮನೆಗೆ ಬರುತ್ತದೆ. ಅದನ್ನು ಕೂಡಲೇ ಶಿಲುಬೆಯ ಹಿಂದೆ ಸಿಕ್ಕಿಸದೆ ಮೇಜಿನ ಮೇಲಿಡಿ. ಗುರುವಾರ ಪಾದ ತೊಳೆಯುವ ಪೂಜೆಯಿಂದ ಬಂದು ಹಂತ 3ರ ಪುಟಗಳನ್ನು ಮತ್ತೊಮ್ಮೆ ಓದಿ. ಒಂದಾದರೂ ಸಾಲು ಗುಂಪು ಬದಲಿಸಿದೆಯೇ ನೋಡಿ. ಬದಲಿಸದಿದ್ದರೂ ಅದನ್ನು ಇದ್ದ ಹಾಗೇ ಬರೆಯಿರಿ.

ಶನಿವಾರ ರಾತ್ರಿಯ ಪಾಸ್ಖ ಜಾಗರಣೆಗೆ ಹೋಗಲೇಬೇಕು. ಬಸ್ಸಿಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಜೀಪು ಮಾಡಿಕೊಳ್ಳಿ. ಅಲ್ಲಿ ಮೇಣದಬತ್ತಿ ಹಿಡಿದು ನಿಂತ ಜನರನ್ನು ಗುರುಗಳು ಒಂದೊಂದಾಗಿ ಪ್ರಶ್ನೆ ಕೇಳುತ್ತಾರೆ: ಕೇಡನ್ನು ತ್ಯಜಿಸುತ್ತೀರಾ, ತಂದೆಯನ್ನು, ಪುತ್ರನನ್ನು, ಪವಿತ್ರಾತ್ಮರನ್ನು ನಂಬುತ್ತೀರಾ. ನೀವು ಆರು ವಾರ ಕೂತು ವಿಂಗಡಿಸಿದ್ದು ಈ ಪ್ರಶ್ನೆಗಳನ್ನೇ. ಉಳಿದವರ ಜೊತೆ ಓಡದೆ ನಿಧಾನವಾಗಿ ಉತ್ತರ ಹೇಳಿ. ಅನುಮಾನದ ಗುಂಪಿನಲ್ಲೇ ಉಳಿದ ಸಾಲು ಬಂದಾಗ ಆ ಮೂರ್ಛೆರೋಗದ ಹುಡುಗನ ತಂದೆಯ ಬೇಡಿಕೆಯನ್ನು ಮನಸ್ಸಿನಲ್ಲಿ ಸೇರಿಸಿಕೊಂಡು ಹೇಳಿ.

ಹಬ್ಬದ ಬೆಳಗ್ಗೆ ನೋಟ್‌ಬುಕ್ಕಿನಿಂದ ಒಂದು ಚೀಟಿ ಹರಿದು, ಹಂತ 5ರಲ್ಲಿ ಬರೆದ ವಾಕ್ಯವನ್ನೂ ಅಂದಿನ ತಾರೀಖನ್ನೂ ಅದರ ಮೇಲೆ ಬರೆಯಿರಿ. ಮಿಕ್ಕ ಪುಟಗಳನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿ. ಚೀಟಿಯನ್ನು ಮಡಿಸಿ ಹೊಸ ಗರಿಗೆ ದಾರದಲ್ಲಿ ಕಟ್ಟಿ ಶಿಲುಬೆಯ ಹಿಂದೆ ಸಿಕ್ಕಿಸಿಡಿ. ಮುಂದಿನ ವರ್ಷ ಹಂತ 1ಕ್ಕೆ ಗರಿ ಇಳಿಸುವಾಗ ಅದು ನಿಮ್ಮ ಕೈಗೆ ಸಿಗುತ್ತದೆ.